ಗಡ್ಡೆ ಇದೆ, ಹೊಳಪಿಲ್ಲ

ಅಮ್ಮನ ಲಿಂಫೋಮಾಕ್ಕೆ ಕೀಮೋ ಮುಗಿದ ಮೇಲೆ ಸಿಟಿಯಲ್ಲಿ ಗಡ್ಡೆ ಇನ್ನೂ ಕಾಣ್ತಿತ್ತು. ಅದು ಜೀವಂತ ಕ್ಯಾನ್ಸರ್ರೋ, ಬರೀ ಒಣಗಿದ ಕಲೆಯೋ? ಡಾಕ್ಟರು ಪೆಟ್-ಸಿಟಿ ಬರೆದುಕೊಟ್ಟರು.

ಒಂದೇ ಮಂಚದ ಮೇಲೆ ಎರಡು ಸ್ಕ್ಯಾನ್. ಸಿಟಿ ಎಕ್ಸ್-ರೇಯಿಂದ ದೇಹದ ನಕ್ಷೆ ಬಿಡಿಸುತ್ತೆ. ಆ ನಕ್ಷೆಯಲ್ಲಿ ಸಕ್ಕರೆಯನ್ನು ಹೆಚ್ಚು ಹೀರುವ ಜಾಗಗಳನ್ನು ಪೆಟ್ ಬೆಳಗಿಸಿ ತೋರಿಸುತ್ತೆ. ಲಿಂಫೋಮಾಕ್ಕೆ ಸಾಮಾನ್ಯವಾಗಿ ಸಕ್ಕರೆಯ ಹಸಿವು ಜಾಸ್ತಿ.

ಅದಕ್ಕೇ ಆರು ಗಂಟೆ ಉಪವಾಸ. "ಏಕಾದಶಿಗಿಂತ ಸುಲಭ" ಅಂದ್ಲು ಅಮ್ಮ. ಶುಗರ್ ನೋಡಿ, ಫ್ಲೋರಿನ್-18 ಜೋಡಿಸಿದ ಗ್ಲೂಕೋಸ್ ಚುಚ್ಚಿದರು. ಆಮೇಲೆ ಸುಮಾರು ಒಂದು ಗಂಟೆ ಮಾತಿಲ್ಲ, ಓಡಾಟವಿಲ್ಲ: ದುಡಿಯುವ ಸ್ನಾಯುವೂ ಸಕ್ಕರೆ ಹೀರಿ ಚಿತ್ರ ಕೆಡಿಸುತ್ತೆ. ಫ್ಲೋರಿನ್-18ರ ವಿಕಿರಣ 110 ನಿಮಿಷಕ್ಕೊಮ್ಮೆ ಅರ್ಧ ಇಳಿಯುತ್ತೆ. ಆದರೂ ಅವತ್ತು ಮೊಮ್ಮಗಳನ್ನು ಎತ್ತಿಕೊಳ್ಳಬೇಡಿ ಅಂದಿದ್ದು ಅಮ್ಮನಿಗೆ ಸೂಜಿಗಿಂತ ಜಾಸ್ತಿ ಚುಚ್ಚಿತು.

ಚಿತ್ರದಲ್ಲಿ ಮಿದುಳು, ಮೂತ್ರಕೋಶ ಧಗಧಗ. ನನ್ನ ಎದೆ ಧಸಕ್ಕೆಂದಿತು. ಮಿದುಳಿಗೆ ಯಾವಾಗಲೂ ಸಕ್ಕರೆ ಬೇಕು, ಮಿಕ್ಕ ಔಷಧಿ ಮೂತ್ರದಲ್ಲಿ ಹೋಗುತ್ತೆ, ಅಷ್ಟೇ ಅಂದರು ಡಾಕ್ಟರು. ಗಡ್ಡೆಯ ಜಾಗ ಮಾತ್ರ ಕತ್ತಲು. ಕೀಮೋ ಕೆಲಸ ಮಾಡಿತ್ತು.

ಸೋಂಕು, ಊತ ಇದ್ದರೂ ಹೊಳೆಯಬಹುದು. ಹಾಗಾಗಿ ರಿಪೋರ್ಟ್ ಕೈಗೆ ಬಂದ ತಕ್ಷಣ ಗೂಗಲ್ ತೆರೆಯಬೇಡಿ. ಎಲ್ಲಿ ಹೊಳೀತಿದೆ, ಯಾಕೆ ಹೊಳೀತಿದೆ ಅಂತ ಡಾಕ್ಟರನ್ನೇ ಕೇಳಿ.