ಹೆಳವನ ಹೊತ್ತಿಗೆಯಲ್ಲಿಲ್ಲದ ಹೆಸರು

ತಾಮ್ರಪರ್ಣಿಯ ದಂಡೆಯ ಮೇಲಿರುವ ನಮ್ಮ ಕೋವಾಡಕ್ಕೆ ಸುಗ್ಗಿ ಮುಗಿದ ಮೇಲೆ ಹೆಳವನು ಬರುವುದುಂಟು. ಹಿಂದೆ ಎತ್ತಿನ ಮೇಲೆ ಕುಳಿತು ಬರುತ್ತಿದ್ದನು. ಈಗ ಮೋಟಾರು ಸೈಕಲ್ಲಿನ ಮೇಲೆ. ಅಂಗಳದಲ್ಲಿ ನಿಂತು ನಮ್ಮ ತಲೆಮಾರುಗಳ ಗಂಡಸರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಕಾಳು ಪಡೆದು ಮುಂದಿನ ಮನೆಗೆ ನಡೆಯುವನು. ವಂಶದ ಸಂಗತಿಯೆಲ್ಲ ಅವನ ಹೊತ್ತಿಗೆಯಲ್ಲಿದೆಯೆಂದು ಚಿಕ್ಕಂದಿನಲ್ಲಿ ನಂಬಿದ್ದೆನು.

ಆ ನಂಬಿಕೆ ಸಡಿಲಿದುದು ತಂಗಿಯ ಮಗನಿಂದ. ಕಬಡ್ಡಿಯಾಡಿ ಬಂದ ಸಂಜೆ ಅವನ ಮೊಣಕಾಲು ಊದುತ್ತಿತ್ತು. ಹಾಲುಹಲ್ಲು ಬಿದ್ದರೆ ಮೂರು ದಿನ ರಕ್ತ ನಿಲ್ಲದು. ಹಿಮೋಫಿಲಿಯಾ ಎಂದರು ವೈದ್ಯರು. ರಕ್ತ ಹೆಪ್ಪುಗಟ್ಟಿಸುವ ಎಂಟನೆಯ ಅಂಶವು ಅವನಲ್ಲಿ ಇಲ್ಲವೆಂಬಷ್ಟು ಕಡಿಮೆ. ತಂಗಿಯ ಅತ್ತೆಯವರು “ತವರಿನಿಂದ ತಂದುದು” ಎಂದರು. ನಮ್ಮ ತಾಯಿ ಮಾತಾಡಲಿಲ್ಲ. ಆಕೆಯ ತಮ್ಮನು ಒಂಬತ್ತನೆಯ ವರ್ಷ ಇದೇ ಬಗೆಯಲ್ಲಿ ತೀರಿಕೊಂಡಿದ್ದನು.

ಎಂಟನೆಯ ಅಂಶದ ಜೀನು ಸುಮಾರು ೧,೮೬,೦೦೦ ಅಕ್ಷರಗಳಷ್ಟು ಉದ್ದ. ಹುಡುಗನಲ್ಲಿ ಕೆಟ್ಟುದು ಒಂದೇ ಅಕ್ಷರ. ಅದನ್ನು ಗುರುತಿಸಿದ ಚೀಟಿ ಕೈಗೆ ಬಂದ ಮೇಲೆ ನಾನು ಅಂತರಜಾಲದಲ್ಲಿರುವ ಪಟ್ಟಿಗಳನ್ನು ತೆರೆದೆನು. ೧೯೯೦ರಲ್ಲಿ ಲಂಡನ್ನಿನ ಜಿಯಾನೆಲ್ಲಿ ಮೊದಲಾದವರು ಒಂಬತ್ತನೆಯ ಅಂಶದ ದೋಷಗಳ ಪಟ್ಟಿಯನ್ನು ಅಚ್ಚು ಹಾಕಿಸಿದರು. ಮರುವರ್ಷ ಟಡೆನ್‌ಹ್ಯಾಮ್ ಮೊದಲಾದವರು ಎಂಟನೆಯದನ್ನು. ಮುಂದೆ ಅವು ಅಂತರಜಾಲಕ್ಕೆ ಏರಿದವು. ಎಂಟನೆಯ ಅಂಶವೊಂದರಲ್ಲಿಯೇ ಈಗ ಎರಡು ಸಾವಿರಕ್ಕೂ ಮಿಕ್ಕ ಬಗೆಯ ದೋಷಗಳು ದಾಖಲಾಗಿವೆ. ನೋಡುವುದಕ್ಕೆ ಶಾಲೆಯ ಹಾಜರಿ ಪುಸ್ತಕದಂತೆಯೇ ಸಾಲು ಸಾಲು. ಹೆಸರು ಮಾತ್ರ ಇಲ್ಲ. ಯಾವ ಅಕ್ಷರ ಬದಲಾಯಿತು, ರೋಗವೆಷ್ಟು ತೀವ್ರ, ಚುಚ್ಚಿದ ಔಷಧವನ್ನು ದೇಹ ತಿರಸ್ಕರಿಸಿತೇ—ಇಷ್ಟೇ. ನಮ್ಮ ಹುಡುಗನ ಅಕ್ಷರವು ಅಲ್ಲಿ ಮೊದಲೇ ಇದ್ದಿತು. ಯಾವ ದೇಶದ ಯಾವ ಮಗುವೋ! ಕಾಣದ ಆ ಮಗುವಿನ ಮೇಲೆ ನನಗೆ ಸೋದರಳಿಯನ ಮಮತೆಯೇ ಹುಟ್ಟಿತು.

ಈ ಜೀನು ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಅದು ಎರಡು. ಒಂದು ಕೆಟ್ಟರೂ ಇನ್ನೊಂದು ಬಹುಮಟ್ಟಿಗೆ ಕಾಯುತ್ತದೆ. ಗಂಡಿಗೆ ಒಂದೇ. ಹೊತ್ತ ತಾಯಿಯಿಂದ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧ. ನಾನು ಉಳಿದುದು ನಾಣ್ಯ ಬಿದ್ದ ಮಗ್ಗುಲಿನಿಂದ, ಪುಣ್ಯವೇನೂ ಅಲ್ಲ. ಅಜ್ಜಿ, ತಾಯಿ, ತಂಗಿ—ಅಕ್ಷರವು ಮೂರು ಮನೆತನಗಳನ್ನು ದಾಟಿತು, ಮೂರರಲ್ಲಿಯೂ ಹೆಣ್ಣಿನೊಡನೆ. ಮೂರು ಮನೆಗಳ ಹೆಳವರನ್ನು ಕೂಡಿಸಿ ಓದಿಸಿದರೂ ಆ ದಾರಿ ಸಿಕ್ಕುತ್ತಿರಲಿಲ್ಲ.

ದೋಷ ಯಾವುದೆಂದು ತಿಳಿದುದರಿಂದ ಮನೆಯ ಹೆಣ್ಣುಮಕ್ಕಳನ್ನು ಪರೀಕ್ಷಿಸುವುದು ಸುಲಭವಾಯಿತು. ತಂಗಿಯ ಮಗಳು ತಾನಾಗಿ ರಕ್ತ ಕೊಟ್ಟಳು. ಆಕೆಯಲ್ಲಿಯೂ ಅಕ್ಷರವಿತ್ತು. ನೋಡಲು ಬಂದ ಮೊದಲ ವರನ ಕಡೆಯವರಿಗೆ ತಾನೇ ಹೇಳಿದಳು. ಅವರು ಮರಳಿ ಬರಲಿಲ್ಲ. ಆಕೆ ಅತ್ತುದನ್ನು ನಾನು ಕಾಣಲಿಲ್ಲ. ಬೆಳಗಾವಿಯ ಕಾಲೇಜಿಗೆ ಎಂದಿನಂತೆ ಹೋದಳು.

ಈ ಸಲ ಹೆಳವನು ಬಂದಾಗ, ನಮ್ಮ ಅಜ್ಜಿಯ ಹೆಸರನ್ನೂ ಆಕೆಯ ಹೆಣ್ಣುಮಕ್ಕಳ ಹೆಸರುಗಳನ್ನೂ ಬರೆದುಕೊಳ್ಳೆಂದು ಕೇಳಿಕೊಂಡೆನು. ಅವನು ಹೊತ್ತಿಗೆ ಬಿಚ್ಚಿ, ಹಾಳೆಗಳನ್ನು ಬಹಳ ಹೊತ್ತು ತಿರುವಿದನು.

“ಯಾವ ಮನೆತನದ ಕೆಳಗೆ ಬರೆಯಲಿ, ಗುರುಗಳೆ?” ಎಂದನು.