ಹತ್ತು ಸಾವಿರ ಹೆಜ್ಜೆ

ಆಫೀಸಿನವರು ಎಲ್ಲರ ಫೋನಿಗೂ ಆರೋಗ್ಯದ ಆ್ಯಪ್ ಹಾಕಿಸಿದ್ದಾರೆ. ದಿನಕ್ಕೆ 10,000 ಹೆಜ್ಜೆ ನಡೀಬೇಕಂತೆ, ನಡೆದವರಿಗೆ ಬಹುಮಾನವಂತೆ. ಈ ಅಂಕಿ ಹೆಸರುವಾಸಿಯಾಗಿದ್ದು ಆಸ್ಪತ್ರೆಯಿಂದಲ್ಲ, ಅಂಗಡಿಯಿಂದ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸೋ ಯಂತ್ರದ ಹೆಸರೇ 'ಮಾನ್‌ಪೊ-ಕೇ', ಹತ್ತು ಸಾವಿರ ಹೆಜ್ಜೆಯ ಮಾಪಕ ಅಂತ. ನಮ್ಮ ಟೀಮಿನವನೊಬ್ಬ ಫೋನನ್ನು ಮಗಳ ತೊಟ್ಟಿಲಿಗೆ ಕಟ್ಟಿ ಬಹುಮಾನ ಹೊಡೆದ!

ರಾತ್ರಿ ಹತ್ತೂವರೆಗೆ ಆ್ಯಪ್ 'ಮಲಗಿ' ಅನ್ನತ್ತೆ. ಅದೇ ಹೊತ್ತಿಗೆ ಅದೇ ಫೋನಿಗೆ ಬಾಸ್ ಮೆಸೇಜ್. ಯಾರ ಮಾತು ಕೇಳ್ತೀನಿ ಅಂತ ಬಿಡಿಸಿ ಹೇಳಬೇಕಾ?

ಮನಸ್ಸು ತೀರಾ ಭಾರವಾದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆ್ಯಪಿನಲ್ಲಿ 'ಇವತ್ತು ಹೇಗಿದ್ದೀರಿ?' ಅಂತ ಕೇಳಿದಾಗ ಮಾತ್ರ ನಾನು ದಿನಾ ನಗುಮುಖವನ್ನೇ ಒತ್ತೋದು. ರಿಪೋರ್ಟ್ ಎಚ್‌ಆರ್‌ಗೆ ಹೋಗತ್ತಂತೆ.