ಚಿಪ್ಪಿನೊಳಗಿನ ತೋಟ

ಕಪ್ಪೆಚಿಪ್ಪು ಎಂದರೆ ನನ್ನ ವಯಸ್ಸಿನವರಿಗೆ ಮೊದಲು ನೆನಪಾಗುವುದು ಮಾವಿನಕಾಯಿ. ಕೆರೆಯ ದಡದಲ್ಲಿ ಸಿಕ್ಕಿದ ಒಣ ಚಿಪ್ಪನ್ನು ಒರಟು ಕಲ್ಲಿನ ಮೇಲೆ ಉಜ್ಜಿ, ನಡುವೆ ಒಂದು ತೂತು ಮಾಡಿದರೆ ಸಿಪ್ಪೆ ಹೆರೆಯುವ ಸಾಧನ ಸಿದ್ಧ. ಉಪ್ಪು ಖಾರ ಹಚ್ಚಿ ಮಾವಿನಕಾಯಿ ತಿಂದು ಮುಗಿಸಿದರೆ ಚಿಪ್ಪಿನ ಕೆಲಸವೂ ಮುಗಿಯಿತು. ಆ ಚಿಪ್ಪಿನೊಳಗೆ ಬದುಕಿದ್ದ ಜೀವ ಏನು ತಿನ್ನುತ್ತದೆ, ಹೇಗೆ ಉಸಿರಾಡುತ್ತದೆ, ಅದಕ್ಕೂ ಕಾಯಿಲೆ ಬರುತ್ತದೆಯೇ ಎಂಬ ಪ್ರಶ್ನೆಗಳಿಗೆ ನನಗೆ ಉತ್ತರ ಸಿಕ್ಕಿದ್ದು ಅರುವತ್ತು ದಾಟಿದ ಮೇಲೆ, ಜಯನಗರದಿಂದ ಬಹಳ ದೂರದಲ್ಲಿ.

ನಮ್ಮ ಬಡಾವಣೆಯ ಎಷ್ಟೋ ಅಜ್ಜಿ ತಾತಂದಿರ ಹಾಗೆ ನಾನೂ ಆರು ತಿಂಗಳ ಮಟ್ಟಿಗೆ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅವರಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಅವರ ಹಾಲಿನಲ್ಲಿ ನೂರು ಲೀಟರಿನ ಒಂದು ಗಾಜಿನ ತೊಟ್ಟಿ. ಅದರಲ್ಲಿ ಉಪ್ಪುನೀರು, ಒಂದು ಜೋಡಿ ಕಿತ್ತಳೆ ಮೀನು, ಕೆಲವು ಮೆತ್ತನೆಯ ಹವಳ, ನಡುವೆ ಒಂದು ಚಪ್ಪಟೆ ಕಲ್ಲಿನ ಮೇಲೆ ಅಂಗೈಯಷ್ಟಗಲದ ಚಿಪ್ಪು. ದೀಪ ಹೊತ್ತಿದ ಸ್ವಲ್ಪ ಹೊತ್ತಿಗೆ ಆ ಚಿಪ್ಪು ಬಾಯಿ ತೆರೆದು, ನವಿಲಿನ ಕತ್ತಿನ ನೀಲಿ ಬಣ್ಣದ ತುಟಿಗಳನ್ನು ಎರಡೂ ಕಡೆ ಹರಡುತ್ತಿತ್ತು. ನಾನು ಕೈ ಆಡಿಸಿದರೆ, ಅದರ ನೆರಳು ಬಿದ್ದ ಕೂಡಲೇ ಸರಕ್ಕನೆ ಒಳಗೆಳೆದುಕೊಳ್ಳುತ್ತಿತ್ತು.

"ಅಜ್ಜೀ, ಅದಕ್ಕೆ ನೂರಾರು ಪುಟ್ಟ ಪುಟ್ಟ ಕಣ್ಣಿವೆ. ನಮ್ಮ ಹಾಗೆ ಚಿತ್ರ ಕಾಣಲ್ಲ. ಬೆಳಕು, ನೆರಳು ಗೊತ್ತಾಗುತ್ತೆ ಅಷ್ಟೇ" ಎಂದಳು ಹತ್ತು ವರ್ಷದ ಮೊಮ್ಮಗಳು. ಆ ಮನೆಯಲ್ಲಿ ನನಗೆ ಸಿಕ್ಕಿದ ಮೊದಲ ಗುರು ಅವಳೇ.

ಇದರ ಕುಲದ ಹೆಸರು ಟ್ರೈಡಾಕ್ನಾ. ಕನ್ನಡದಲ್ಲಿ ದೈತ್ಯ ಕಪ್ಪೆಚಿಪ್ಪು ಎನ್ನಬಹುದು. ಈ ಕುಟುಂಬದ ಅತಿ ದೊಡ್ಡದು ಒಂದು ಮೀಟರಿಗೂ ಹೆಚ್ಚು ಅಗಲ ಬೆಳೆದು 200 ಕಿಲೋಗೂ ಮೀರಿ ತೂಗುತ್ತದೆ. ಮನುಷ್ಯರನ್ನು ಹಿಡಿದು ನುಂಗುತ್ತದೆ ಎಂಬ ಹಳೆಯ ಕಥೆ ಬರೀ ಕಥೆ. ಮಗಳ ಮನೆಯಲ್ಲಿದ್ದದ್ದು ಮ್ಯಾಕ್ಸಿಮಾ ಎಂಬ ಚಿಕ್ಕ ಜಾತಿ. ಅದೂ ಸಮುದ್ರದಿಂದ ಕಿತ್ತು ತಂದದ್ದಲ್ಲ, ಸಾಕಣೆ ಕೇಂದ್ರದಲ್ಲಿ ಹುಟ್ಟಿ ಬೆಳೆದದ್ದು. ಪೆಸಿಫಿಕ್ ಸಾಗರದ ಪಲಾವು ಎಂಬ ಪುಟ್ಟ ದೇಶದಲ್ಲಿ 1970ರ ದಶಕದಿಂದಲೇ ಇಂಥ ಚಿಪ್ಪುಗಳ ಮರಿ ಮಾಡಿಸುವ ಕೆಲಸ ನಡೆದಿದೆ.

ಇದು ಏನು ತಿನ್ನುತ್ತದೆ? ಇಲ್ಲೇ ಇರುವುದು ಸೋಜಿಗ. ಎಲ್ಲ ಕಪ್ಪೆಚಿಪ್ಪುಗಳ ಹಾಗೆ ಇದೂ ನೀರನ್ನು ಒಳಗೆಳೆದು, ಸೋಸಿ, ಅದರಲ್ಲಿರುವ ಸೂಕ್ಷ್ಮ ಜೀವಿಗಳನ್ನು ತಿನ್ನುತ್ತದೆ. ಆದರೆ ಅದರ ಹೊಟ್ಟೆ ತುಂಬಿಸುವುದು ಮುಖ್ಯವಾಗಿ ಅದರ ತುಟಿಯೊಳಗಿನ ತೋಟ. ಆ ನೀಲಿ ತುಟಿಯಲ್ಲಿ ಲಕ್ಷಾಂತರ ಸೂಕ್ಷ್ಮ ಪಾಚಿಗಳು ಮನೆ ಮಾಡಿಕೊಂಡಿರುತ್ತವೆ. ಪಾಚಿ ಬೆಳಕಿನಲ್ಲಿ ಸಕ್ಕರೆ ತಯಾರಿಸಿ ಚಿಪ್ಪಿಗೆ ಕೊಡುತ್ತದೆ. ಚಿಪ್ಪು ಪಾಚಿಗೆ ಜಾಗ, ರಕ್ಷಣೆ, ಗೊಬ್ಬರ ಕೊಡುತ್ತದೆ. ಬಾಡಿಗೆಗೆ ಬಂದವರು ಮನೆಯೊಡೆಯನಿಗೇ ಅಡುಗೆ ಮಾಡಿ ಬಡಿಸುವ ವ್ಯವಸ್ಥೆ. ಆದ್ದರಿಂದ ಬೆಳಕು ಎಂಬುದು ಈ ಪ್ರಾಣಿಗೆ ಅಲಂಕಾರವಲ್ಲ, ಅನ್ನ. ಮಗಳು ದಿನಕ್ಕೆ ಒಂಬತ್ತು ಗಂಟೆ ಹೊತ್ತು ಪ್ರಖರವಾದ ದೀಪ ಉರಿಸುತ್ತಿದ್ದಳು. ಹೊಸದಾಗಿ ತಂದ ಚಿಪ್ಪನ್ನು ಒಮ್ಮೆಗೇ ದೀಪದ ಕೆಳಗೆ ಇಡಬಾರದಂತೆ. ಮೊದಲು ತಳದಲ್ಲಿಟ್ಟು, ವಾರಗಳ ಮೇಲೆ ಸ್ವಲ್ಪ ಸ್ವಲ್ಪವೇ ಮೇಲೇರಿಸಬೇಕು.

ಅನ್ನದ ನಂತರ ನೀರು. ನಲ್ಲಿಯ ನೀರಿಗೆ ಉಪ್ಪು ಬೆರೆಸಿದರೆ ಸಮುದ್ರವಾಗುವುದಿಲ್ಲ. ಆರ್‌ಓ ಯಂತ್ರದಲ್ಲಿ ಶುದ್ಧ ಮಾಡಿದ ನೀರಿಗೆ, ಸಮುದ್ರದಲ್ಲಿರುವ ಲವಣಗಳೆಲ್ಲ ಇರುವ ಪುಡಿಯನ್ನು ಲೀಟರಿಗೆ ಸುಮಾರು 35 ಗ್ರಾಮಿನಂತೆ ಕರಗಿಸುತ್ತಾರೆ. ಬಿಸಿ 24ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರನ್ನು ಬದಲಿಸಬೇಕು. ನಾವು ತಾಮ್ರದ ಚೊಂಬಿನಲ್ಲಿಟ್ಟ ನೀರು ಒಳ್ಳೆಯದೆಂದು ಕುಡಿಯುತ್ತೇವಲ್ಲ, ಚಿಪ್ಪಿಗೆ ಆ ತಾಮ್ರವೇ ವಿಷ. ಮೀನಿನ ಕಾಯಿಲೆಗೆಂದು ಮಾರುವ ಕೆಲವು ಔಷಧಿಗಳಲ್ಲಿ ತಾಮ್ರವಿರುತ್ತದೆ. ಚಿಪ್ಪು ಇರುವ ತೊಟ್ಟಿಗೆ ಅದನ್ನು ಹಾಕುವಂತೆಯೇ ಇಲ್ಲ.

ಮೊಮ್ಮಗಳು ನನಗೊಂದು ಒಗಟು ಒಡ್ಡಿದಳು. "ಅಜ್ಜೀ, ದಿನಾ ತೊಟ್ಟಿಯ ನೀರು ಒಂದಿಷ್ಟು ಆವಿಯಾಗುತ್ತೆ. ಅದನ್ನ ತುಂಬಿಸೋಕೆ ಉಪ್ಪುನೀರು ಹಾಕಬೇಕೋ, ಸಿಹಿನೀರೋ?" ಮಕ್ಕಳೇ, ಮುಂದೆ ಓದುವ ಮೊದಲು ನೀವೂ ಒಂದು ನಿಮಿಷ ಯೋಚಿಸಿ. ಉತ್ತರ: ಸಿಹಿನೀರು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಉಪ್ಪುನೀರನ್ನೇ ಸುರಿಯುತ್ತಾ ಹೋದರೆ ಕೆಲವೇ ದಿನಗಳಲ್ಲಿ ತೊಟ್ಟಿ ಉಪ್ಪಿನಕಾಯಿ ಜಾಡಿಯಾಗುತ್ತದೆ. ಚಿಕ್ಕ ತೊಟ್ಟಿಯ ಕಷ್ಟವೇ ಇದು. ಸಮುದ್ರದಲ್ಲಿ ಲೆಕ್ಕಕ್ಕೇ ಬಾರದ ಏರುಪೇರು ನೂರು ಲೀಟರಿನಲ್ಲಿ ದೊಡ್ಡ ಆಪತ್ತು.

ಮೂರನೆಯದು ಸುಣ್ಣ. ಚಿಪ್ಪು ಬೆಳೆಯಬೇಕಾದರೆ ನೀರಿನಲ್ಲಿ ಕ್ಯಾಲ್ಸಿಯಂ ಇರಬೇಕು, ಲೀಟರಿಗೆ 400ರಿಂದ 450 ಮಿಲಿಗ್ರಾಮಿನಷ್ಟು. ಬೆಳೆಯುವ ಚಿಪ್ಪು ಅದನ್ನು ದಿನವೂ ಖರ್ಚು ಮಾಡುತ್ತದೆ. ಅದನ್ನು ತುಂಬಲು ಮಗಳು ಬಿಳಿ ಪುಡಿಯನ್ನು ಸಿಹಿನೀರಿನಲ್ಲಿ ಕಲಸಿ, ತಳದಲ್ಲಿ ಗಷ್ಟು ಇಳಿದ ಮೇಲೆ ಮೇಲಿನ ತಿಳಿನೀರನ್ನು ರಾತ್ರಿಯಿಡೀ ಹನಿಹನಿಯಾಗಿ ಬಿಡುತ್ತಿದ್ದಳು. ಏನದು ಎಂದು ಕೇಳಿದೆ. "ಅಮ್ಮಾ, ಅಜ್ಜಿಯ ಎಲೆಅಡಿಕೆ ತಟ್ಟೆ ನೆನಪಿದೆಯಾ? ಅದರಲ್ಲಿದ್ದ ಸುಣ್ಣವೇ ಇದು, ಇನ್ನೂ ಶುದ್ಧವಾದದ್ದು" ಎಂದಳು. ನಮ್ಮ ಅತ್ತೆಯವರು ಚಿಪ್ಪು ಸುಟ್ಟು ಮಾಡಿದ ಸುಣ್ಣ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಚಿಪ್ಪಿನಿಂದ ಸುಣ್ಣ ಬಂತು, ಈಗ ಸುಣ್ಣದಿಂದ ಚಿಪ್ಪು ಬೆಳೆಯುತ್ತಿದೆ ಎಂದು ನನಗೆ ಬಹಳ ಸಂತೋಷವಾಯಿತು. (ಮಕ್ಕಳೇ, ಸುಣ್ಣದ ನೀರು ಕಣ್ಣು, ಚರ್ಮವನ್ನು ಸುಡುತ್ತದೆ. ದೊಡ್ಡವರಿಲ್ಲದೆ ಮುಟ್ಟಬೇಡಿ.)

ನಾನು ಹೋಗಿ ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಚಿಪ್ಪು ತುಟಿಯನ್ನು ಪೂರ್ತಿ ಹರಡಲಿಲ್ಲ. ಮಾರನೆಯ ದಿನ ಅದರ ನೀರೆಳೆಯುವ ಬಾಯಿ ಸಡಿಲವಾಗಿ ಅಗಲಕ್ಕೆ ತೆರೆದುಕೊಂಡಿತ್ತು. ಕೈ ಆಡಿಸಿದರೆ ಹಿಂದಿನಂತೆ ಸರಕ್ಕನೆ ಮುಚ್ಚುತ್ತಿರಲಿಲ್ಲ, ನಿಧಾನವಾಗಿ, ಸುಸ್ತಾದವರ ಹಾಗೆ ಮುಚ್ಚುತ್ತಿತ್ತು. ಮೊಮ್ಮಗಳ ಮುಖ ಬಾಡಿತು. ಚಿಪ್ಪು ಸತ್ತರೆ ಬೇಗ ಕೊಳೆತು ನೀರೆಲ್ಲ ಕೆಡುತ್ತದೆ, ಅದರ ಜೊತೆ ಮೀನುಗಳೂ ಹೋಗಬಹುದು ಎಂದು ಅವಳಿಗೆ ಗೊತ್ತಿತ್ತು.

ಮಗಳು ಗಾಬರಿಯಾಗಿ ಔಷಧಿ ಸುರಿಯಲಿಲ್ಲ. ವೈದ್ಯರು ನಾಡಿ ನೋಡುವ ಹಾಗೆ ಒಂದೊಂದನ್ನೇ ನೋಡುತ್ತಾ ಬಂದಳು. ಉಪ್ಪಿನಂಶ ಸರಿ. ಬಿಸಿ ಸರಿ. ಕ್ಯಾಲ್ಸಿಯಂ ಸರಿ. ಅಮೋನಿಯಾ ಇಲ್ಲ. ದೀಪ ಬದಲಾಗಿಲ್ಲ. ನೀರಿನ ಪಂಪು ನೇರವಾಗಿ ಅದರ ಮೇಲೆ ರಭಸದಿಂದ ಹೊಡೆಯುತ್ತಿಲ್ಲ. ಮೀನುಗಳು ತುಟಿಯನ್ನು ಕಚ್ಚುತ್ತಿಲ್ಲ. ಉಳಿದದ್ದು ಒಂದೇ, ಕತ್ತಲಲ್ಲಿ ಬರುವ ಕಳ್ಳ.

ಆ ರಾತ್ರಿ ದೀಪ ಆರಿ ಎರಡು ಗಂಟೆಯಾದ ಮೇಲೆ ನಾವು ಮೂವರೂ ಟಾರ್ಚು ಹಿಡಿದು ಕೂತೆವು. ಚಿಪ್ಪಿನ ಅಂಚಿನಲ್ಲಿ ಅಕ್ಕಿ ಕಾಳಿನಂತೆ ಬೆಳ್ಳಗೆ ಏನೋ ಸಾಲಾಗಿ ಅಂಟಿಕೊಂಡಿತ್ತು. ಎಣಿಸಿದೆವು, ಹನ್ನೊಂದು. ಅವು ಪಿರಮಿಡೆಲ್ಲಿಡ್ ಎಂಬ ಜಾತಿಯ ಪುಟ್ಟ ಶಂಖದ ಹುಳುಗಳು. ಹಗಲು ಚಿಪ್ಪಿನ ಅಡಿಯಲ್ಲಿ ಅಡಗಿದ್ದು, ರಾತ್ರಿ ಅಂಚಿಗೆ ಬಂದು, ಸೂಜಿಯಂಥ ಕೊಳವೆ ಚುಚ್ಚಿ ರಸ ಹೀರುತ್ತವೆ. ಸಾಮಾನ್ಯವಾಗಿ ಬೇರೆ ಜೀವಿಗಳ ಜೊತೆ ನುಸುಳಿ ಬರುತ್ತವೆ.

ಚಿಪ್ಪನ್ನು ಕಲ್ಲಿನಿಂದ ಕೀಳುವಂತಿರಲಿಲ್ಲ. ಅದು ರೇಷ್ಮೆಯಂಥ ಎಳೆಗಳಿಂದ ಕಲ್ಲಿಗೆ ಕಚ್ಚಿಕೊಂಡಿರುತ್ತದೆ. ಎಳೆದರೆ ಎಳೆಗಳ ಜೊತೆ ಒಳಗಿನ ಮಾಂಸವೂ ಹರಿದು ಪ್ರಾಣಿ ಸಾಯಬಹುದು. ಅದಕ್ಕೇ ಮಗಳು ಮೊದಲೇ ಅದನ್ನು ಚಪ್ಪಟೆ ಕಲ್ಲಿನ ಮೇಲೆ ಕೂರಿಸಿದ್ದಳು. ಕಲ್ಲಿನ ಸಮೇತ ಎತ್ತಿ, ತೊಟ್ಟಿಯದೇ ನೀರಿದ್ದ ಬಕೆಟ್ಟಿನಲ್ಲಿಟ್ಟು, ಹುಳುಗಳನ್ನು ಚಿಮಟದಿಂದ ತೆಗೆದೆವು. ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚಿಪ್ಪಿನ ಹೊರಮೈ ಉಜ್ಜಿದೆವು, ಅಲ್ಲಿ ಅಂಟಂಟಾಗಿ ಅವುಗಳ ಮೊಟ್ಟೆ ಇರುತ್ತದೆ. ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ. ತಲೆಯ ಹೇನು ತೆಗೆದ ಹಾಗೆ, ಸೀರು ಉಳಿದರೆ ಮತ್ತೆ ಮೊದಲಿನಂತೆಯೇ. ಐದು ವಾರ ಪ್ರತಿ ರಾತ್ರಿ ಟಾರ್ಚು, ವಾರಕ್ಕೊಮ್ಮೆ ಬ್ರಷ್ಷು. ಹನ್ನೊಂದು ಇದ್ದದ್ದು ನಾಲ್ಕಾಯಿತು, ಎರಡಾಯಿತು, ಒಂದೂ ಇಲ್ಲವಾಯಿತು. ಆಮೇಲೊಂದು ದಿನ ಚಿಪ್ಪಿನ ಅಂಚಿನಲ್ಲಿ ಹೊಸ ಬಿಳಿ ಗೆರೆಯೊಂದು ಕಂಡಿತು, ಉಗುರಿನ ಬುಡದಲ್ಲಿ ಕಾಣುವ ಅರ್ಧಚಂದ್ರದ ಹಾಗೆ. ಚಿಪ್ಪು ಬೆಳೆಯುತ್ತಿದೆ, ಆರೋಗ್ಯವಾಗಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಗುರುತಿಲ್ಲ.

ನಾನು ಬೆಂಗಳೂರಿಗೆ ಮರಳಿದ ಮೇಲೆ ಈ ಕಥೆಯನ್ನೆಲ್ಲ ಜೆ.ಪಿ. ನಗರದಲ್ಲಿರುವ ಮಗನ ಮಗನಿಗೆ ಹೇಳಿದೆ. ಅವನ ಬಳಿ ಗಪ್ಪಿ ಮೀನುಗಳ ಒಂದು ತೊಟ್ಟಿಯಿದೆ. ಕೇಳಿ ಮುಗಿಸಿದವನೇ, "ನನಗೂ ಒಂದು ಬೇಕು. ಅಂಗಡಿಯವರು ತರಿಸಿಕೊಡ್ತಾರಂತೆ, ಕೇಳ್ಕೊಂಡು ಬಂದೆ" ಎಂದ.

"ಬೇಡ ಪುಟ್ಟಾ."

"ಅಕ್ಕನ ಮನೇಲಿ ಇರಬಹುದು, ನಮ್ಮನೇಲಿ ಇರಬಾರದಾ?"

ಅಜ್ಜಿಯಂದಿರಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿಲ್ಲ. ಎರಡು ಕಣ್ಣಿಗೆ ಎರಡು ನ್ಯಾಯ ಮಾಡಿದಂತೆ ಕಾಣುತ್ತದೆ. ಅವನನ್ನು ಕೂರಿಸಿಕೊಂಡು ಭೂಪಟ ಬಿಚ್ಚಿದೆ. ಮಂಗಳೂರಿನಿಂದ ಪಶ್ಚಿಮಕ್ಕೆ ಬೆರಳು ಸರಿಸಿ ಲಕ್ಷದ್ವೀಪ ತೋರಿಸಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಮಂಗಳೂರಿನಿಂದ ಅವುಗಳ ಆಡಳಿತ ನಡೆಯುತ್ತಿತ್ತು. ಆ ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ಮ್ಯಾಕ್ಸಿಮಾ ಚಿಪ್ಪು ಸಹಜವಾಗಿ ಬದುಕಿದೆ. 1998, 2010, 2016, 2024ರಲ್ಲಿ ಸಮುದ್ರ ಮಿತಿಮೀರಿ ಕಾದು ಅಲ್ಲಿನ ಹವಳಗಳು ಬೆಳ್ಳಗಾದವು. ನೀರು ಹಾಗೆ ಕಾದರೆ ಚಿಪ್ಪು ಕೂಡ ತನ್ನ ತೋಟದ ಪಾಚಿಯನ್ನು ಕಳೆದುಕೊಳ್ಳುತ್ತದೆ. ಇರುವ ಕಷ್ಟದ ಮೇಲೆ ನಾವೂ ಕಿತ್ತು ತಂದರೆ ಉಳಿಯುವುದೇನು? ಅದಕ್ಕೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಅನುಸೂಚಿಯಲ್ಲಿ, ಹುಲಿ ಆನೆಗಳಿರುವ ಪಟ್ಟಿಯಲ್ಲೇ, ಮ್ಯಾಕ್ಸಿಮಾ ಇದೆ, ಅದರ ಸೋದರ ಸ್ಕ್ವಾಮೋಸಾ ಇದೆ, ಹವಳವೂ ಇದೆ. ಆ ಪಟ್ಟಿಯ ಪ್ರಾಣಿಯನ್ನು ಹಿಡಿದು ಮಾರುವ ಅಪರಾಧಕ್ಕೆ 3ರಿಂದ 7 ವರ್ಷ ಜೈಲು.

"ಅಂದರೆ ಅದು ನಮ್ಮದು ಅನ್ನೋದಕ್ಕೇ ನಾವು ಇಟ್ಟುಕೊಳ್ಳೋ ಹಾಗಿಲ್ವಾ?" ಎಂದ.

"ಹೌದು. ದೇವರಕಾಡಿನ ಮರಕ್ಕೆ ಊರಿನವರು ಕೊಡಲಿ ಹಾಕುತ್ತಾರಾ? ಊರಿನದು ಅಂತಲೇ ಹಾಕೋದಿಲ್ಲ."

ಎರಡು ದಿನ ಮುನಿಸಿಕೊಂಡಿದ್ದ. ಮೂರನೆಯ ದಿನ ಅವನೇ ಒಂದು ದಾರಿ ಹುಡುಕಿದ. ಇಲ್ಲಿ ಭಾನುವಾರ ಬೆಳಿಗ್ಗೆ ಎಂಟೂವರೆ ಎಂದರೆ ಬೇಸಿಗೆಯಲ್ಲಿ ಫ್ರೀಮಾಂಟಿನಲ್ಲಿ ಶನಿವಾರ ರಾತ್ರಿ ಎಂಟು. ಆ ಹೊತ್ತಿಗೆ ಅಕ್ಕ ವಿಡಿಯೊ ಕರೆ ಮಾಡಿ ಟಾರ್ಚು ಬಿಟ್ಟು ಚಿಪ್ಪಿನ ಅಂಚು ತೋರಿಸುತ್ತಾಳೆ. ಇವನು ಹುಳು ಇದೆಯೇ ಎಂದು ನೋಡಿ, ಉಪ್ಪು, ಬಿಸಿ, ಕ್ಯಾಲ್ಸಿಯಂ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಬೆಳವಣಿಗೆಯ ನಕ್ಷೆ ಬರೆಯುವುದೂ ಇವನೇ. ಒಮ್ಮೆ ಕ್ಯಾಲ್ಸಿಯಂ ಮೂರು ವಾರ ಬಿಡದೆ ಇಳಿಯುತ್ತಿರುವುದನ್ನು ಮೊದಲು ಕಂಡುಹಿಡಿದವನು ಹದಿನಾಲ್ಕು ಸಾವಿರ ಕಿಲೋಮೀಟರ್ ದೂರದ ಈ ವೈದ್ಯ. ಚಿಪ್ಪು ಬೆಳೆದಂತೆ ಅದರ ಸುಣ್ಣದ ಹಸಿವೂ ಬೆಳೆದಿತ್ತು.

ಕಳೆದ ದಸರಾ ರಜೆಯಲ್ಲಿ ಅವನನ್ನು ಕುಮಟಾದ ಹತ್ತಿರ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿಗೆ ಕರೆದುಕೊಂಡು ಹೋದೆವು. 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಅಳಿವೆ ಅದು. ಇಳಿತದ ಹೊತ್ತಿನಲ್ಲಿ ಹೆಂಗಸರು ಸೊಂಟ ಬಗ್ಗಿಸಿ ಕೆಸರಿನಿಂದ ಬಳಚು ಆಯುತ್ತಿದ್ದರು. ನಾವು ಕಪ್ಪೆಚಿಪ್ಪು ಎನ್ನುವುದಕ್ಕೆ ಅಲ್ಲಿಯ ಹೆಸರು ಬಳಚು, ದಕ್ಷಿಣ ಕನ್ನಡದಲ್ಲಾದರೆ ಮರುವಾಯಿ. ಆಯುತ್ತಿದ್ದ ಒಬ್ಬ ಅಮ್ಮ ಇವನ ಕುತೂಹಲ ಕಂಡು ಜೀವಂತ ಬಳಚೊಂದನ್ನು ಅಂಗೈಯಲ್ಲಿಟ್ಟರು. ಬಣ್ಣದ ತುಟಿಯಿಲ್ಲ, ಒಳಗೆ ಪಾಚಿಯ ತೋಟವಿಲ್ಲ. ನೀರು ಸೋಸಿ ತಿಂದು ಬದುಕುವ ಸಾದಾ ಚಿಪ್ಪು. ಇವನು ಅದನ್ನು ಹಿಂದೆ ಮುಂದೆ ತಿರುಗಿಸಿ, ಅಂಚಿನ ಬೆಳವಣಿಗೆಯ ಗೆರೆಗಳನ್ನು ಎಣಿಸಿ, "ಚೆನ್ನಾಗಿದೆ, ಕಾಯಿಲೆ ಏನೂ ಇಲ್ಲ" ಎಂದು ವರದಿ ಕೊಟ್ಟ. ಆಮೇಲೆ ಅವರ ಅಪ್ಪಣೆ ಕೇಳಿ ಅದನ್ನು ಕೆಸರಿನ ಮೇಲೆ ಮೆಲ್ಲಗೆ ಇಟ್ಟ. ಸ್ವಲ್ಪ ಹೊತ್ತು ಅಲ್ಲಾಡದೆ ಇತ್ತು. ನಂತರ ಬಿಳಿಯ ನಾಲಿಗೆಯಂಥ ಕಾಲು ಚಾಚಿ, ಒಂದೆರಡು ಸಲ ಮೈ ಕೊಡವಿ, ನಾವು ನೋಡನೋಡುತ್ತಿದ್ದಂತೆ ಕೆಸರಿನೊಳಗೆ ಇಳಿದುಹೋಯಿತು.